ಉತ್ತರ ಬರುವವರೆಗೆ: ಅನಿಶ್ಚಿತ ದಿನಗಳಿಗೆ ಬೌದ್ಧ ಧ್ಯಾನದ ಅಭ್ಯಾಸ

ಕೆಟ್ಟ ಸುದ್ದಿಯನ್ನು ಕೇಳಿದ ಮೇಲೆ ಮನುಷ್ಯ ಹೇಗೋ ಎದ್ದು ನಿಲ್ಲುತ್ತಾನೆ. ಆದರೆ ಸುದ್ದಿ ಒಳ್ಳೆಯದೋ ಕೆಟ್ಟದ್ದೋ ಎಂದು ತಿಳಿಯದೆ ಕಾಯುವ ದಿನಗಳಲ್ಲಿ ಕಾಲೂರುವುದಕ್ಕೆ ನೆಲವೇ ಸಿಗುವುದಿಲ್ಲ. ಕೈಗೆ ಬರಬೇಕಾದ ಪರೀಕ್ಷಾ ವರದಿ, ಉಳಿಯುತ್ತದೋ ಹೋಗುತ್ತದೋ ತಿಳಿಯದ ಕೆಲಸ, ಮುರಿಯುವ ಹಂತಕ್ಕೆ ಬಂದಿರುವ ಸಂಬಂಧ, ದೂರದಲ್ಲಿ ಹಾಸಿಗೆ ಹಿಡಿದಿರುವ ಆಪ್ತರು: ಇಂತಹ ಹೊತ್ತಿನಲ್ಲಿ ಅನೇಕರು ಧ್ಯಾನದ ಕಡೆಗೆ ತಿರುಗುತ್ತಾರೆ. ಎರಡು ಮೂರು ದಿನ ಕಣ್ಣು ಮುಚ್ಚಿ ಕೂರುತ್ತಾರೆ, ಮನಸ್ಸು ತಣ್ಣಗಾಗುವ ಬದಲು ಗದ್ದಲ ಇನ್ನಷ್ಟು ಹೆಚ್ಚಾದದ್ದನ್ನು ಕಂಡು, ಇದು ತಮ್ಮಿಂದ ಆಗದ ಕೆಲಸವೆಂದು ಎದ್ದುಬಿಡುತ್ತಾರೆ. ಈ ಬರಹ ಮುಖ್ಯವಾಗಿ ಅವರಿಗಾಗಿ. ಅವರು ತಪ್ಪಾಗಿ ಮಾಡಿದ್ದು ಬಹಳ ಕಡಿಮೆ. ಅವರು ನಿರೀಕ್ಷಿಸಿದ್ದು ಮಾತ್ರ ಬೇರೆಯಾಗಿತ್ತು.

ಧ್ಯಾನವು ಮುಂದೇನಾಗುತ್ತದೆ ಎಂಬ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ, ಆ ಪ್ರಶ್ನೆಯನ್ನು ಮರೆಸುವುದೂ ಇಲ್ಲ. ಉತ್ತರವಿಲ್ಲದ ಸ್ಥಿತಿಯಲ್ಲಿ ಮುರಿಯದೆ ಇರುವುದನ್ನು ಅದು ನಿಧಾನವಾಗಿ ಕಲಿಸುತ್ತದೆ. ಇಷ್ಟನ್ನು ಮೊದಲೇ ಒಪ್ಪಿಕೊಂಡು ಕುಳಿತರೆ ಅರ್ಧದಷ್ಟು ನಿರಾಶೆ ತಪ್ಪುತ್ತದೆ.

ಎರಡು ಬಾಣಗಳು

ಪಾಳಿ ಭಾಷೆಯ ಬೌದ್ಧ ಗ್ರಂಥವಾದ ಸಂಯುತ್ತ ನಿಕಾಯದ ಸಲ್ಲ ಸುತ್ತದಲ್ಲಿ ಬುದ್ಧನು ಒಂದು ಉಪಮೆಯನ್ನು ಹೇಳುತ್ತಾನೆ (ನಿಕಾಯವೆಂದರೆ ಉಪದೇಶಗಳ ಸಂಗ್ರಹ, ಸುತ್ತವೆಂದರೆ ಸೂತ್ರ, ಅದರಲ್ಲಿನ ಒಂದು ಉಪದೇಶ). ಬಾಣ ತಗುಲಿದವನಿಗೆ ನೋವಾಗುತ್ತದೆ. ಆ ನೋವಿಗೆ ಗೋಳಿಟ್ಟು, ಎದೆ ಬಡಿದುಕೊಂಡು, ಕಂಗೆಟ್ಟವನು ಎರಡನೆಯ ಬಾಣವೊಂದರಿಂದಲೂ ಚುಚ್ಚಿಸಿಕೊಂಡಂತಾಗುತ್ತಾನೆ. ಮೊದಲನೆಯದು ದೇಹದ ವೇದನೆ, ಎರಡನೆಯದು ಮನಸ್ಸಿನದು. ಧರ್ಮವನ್ನು ಅರಿತವನಿಗೂ ಮೊದಲ ಬಾಣ ತಗುಲುತ್ತದೆ, ಅವನಿಗೂ ನೋವಾಗುತ್ತದೆ. ಎರಡನೆಯದು ಮಾತ್ರ ತಗುಲುವುದಿಲ್ಲ. ಅದೇ ಸುತ್ತದಲ್ಲಿ ಇನ್ನೊಂದು ಸೂಕ್ಷ್ಮವಾದ ಮಾತಿದೆ: ಸಾಮಾನ್ಯ ಮನುಷ್ಯನು ನೋವು ಬಂದೊಡನೆ ಇಂದ್ರಿಯಸುಖದ ಕಡೆಗೆ ಓಡುತ್ತಾನೆ, ಏಕೆಂದರೆ ನೋವಿನಿಂದ ಪಾರಾಗುವ ಬೇರೆ ದಾರಿ ಅವನಿಗೆ ತಿಳಿದಿರುವುದಿಲ್ಲ. ರಾತ್ರಿ ಒಂದು ಗಂಟೆಯಲ್ಲಿ ನಿದ್ರೆ ಬಾರದೆ ಮೊಬೈಲಿನ ಪರದೆಯನ್ನು ಉಜ್ಜುತ್ತಾ ಮಲಗಿರುವ ಯಾರಿಗಾದರೂ ಇದು ತನ್ನನ್ನು ಕುರಿತೇ ಹೇಳಿದಂತೆ ಕೇಳಿಸೀತು.

ಅನಿಶ್ಚಿತತೆಯ ವಿಚಿತ್ರವೆಂದರೆ ಅಲ್ಲಿ ಬಾಣಗಳ ಕ್ರಮವೇ ತಲೆಕೆಳಗಾಗುತ್ತದೆ. ಮೊದಲ ಬಾಣ ಇನ್ನೂ ಬಂದಿರುವುದಿಲ್ಲ, ಬರುತ್ತದೆಯೆಂಬುದೂ ಗೊತ್ತಿರುವುದಿಲ್ಲ. ಎರಡನೆಯದು ಆಗಲೇ ಎದೆಯಲ್ಲಿ ನೆಟ್ಟಿರುತ್ತದೆ. ಕೆಲವು ವರ್ಷಗಳ ಹಿಂದೆ ನನ್ನ ತಾಯಿಯ ಒಂದು ಪರೀಕ್ಷೆಯ ವರದಿಗಾಗಿ ಒಂಬತ್ತು ದಿನ ಕಾಯಬೇಕಾಗಿ ಬಂದಿತ್ತು. ಆ ಒಂಬತ್ತು ದಿನಗಳಲ್ಲಿ ಅವರು ಎಂದಿನಂತೆ ಊಟ ಮಾಡುತ್ತಿದ್ದರು, ಮಾತನಾಡುತ್ತಿದ್ದರು, ಸಂಜೆ ಕಿಟಕಿಯ ಬಳಿ ಕುಳಿತಿರುತ್ತಿದ್ದರು. ನಾನು ಮಾತ್ರ ಎದುರಿಗಿದ್ದ ಅವರನ್ನು ಬಿಟ್ಟು, ನನ್ನ ತಲೆಯೊಳಗೆ ಹಾಸಿಗೆ ಹಿಡಿದಿದ್ದ ಇನ್ನೊಬ್ಬ ತಾಯಿಯ ಆರೈಕೆಯಲ್ಲಿ ಮುಳುಗಿದ್ದೆ. ಧ್ಯಾನದ ಅಭ್ಯಾಸ ಅದಕ್ಕೆ ಮುಂಚೆಯೂ ನನಗಿತ್ತು, ಆದರೆ ಅದು ಯಾವುದಕ್ಕಾಗಿ ಎಂಬುದು ತಿಳಿದದ್ದು ಆ ದಿನಗಳಲ್ಲಿ. ಕೆಳಗೆ ಬರೆದಿರುವ ಬಹುಪಾಲು ಸಂಗತಿಗಳು ಆಗ ನನಗೆ ನಿಜವಾಗಿ ಒದಗಿಬಂದವು.

ಸತಿ ಎಂದರೆ ನೆನಪು

ಪಾಳಿಯ ‘ಸತಿ’ ಸಂಸ್ಕೃತದ ‘ಸ್ಮೃತಿ’ಯೇ. ಈಗ ಅದನ್ನು ಅರಿವು, ಸಾವಧಾನ, ಎಚ್ಚರ ಎಂದೆಲ್ಲ ಕರೆಯುತ್ತೇವೆ, ಎಲ್ಲವೂ ಸರಿಯೇ. ಆದರೂ ಮೂಲದಲ್ಲಿರುವ ‘ನೆನಪು’ ಎಂಬ ಅರ್ಥವನ್ನು ಕೈಬಿಡದಿರುವುದು ಒಳ್ಳೆಯದು. ಈ ಕ್ಷಣದಲ್ಲಿ ಏನು ನಡೆಯುತ್ತಿದೆಯೋ ಅದನ್ನು ಮರೆಯದಿರುವುದು, ಮರೆತರೆ ಮತ್ತೆ ನೆನಪು ಮಾಡಿಕೊಳ್ಳುವುದು, ಇಷ್ಟೇ ಸತಿ. ಹಾಗೆ ನೋಡಿದರೆ ಮನಸ್ಸನ್ನು ಖಾಲಿ ಮಾಡುವ ಪ್ರಶ್ನೆಯೇ ಏಳುವುದಿಲ್ಲ. ಮನಸ್ಸು ಅಲೆಯುತ್ತದೆ, ನಮಗೆ ಮರೆತುಹೋಗುತ್ತದೆ, ನೆನಪಾಗುತ್ತದೆ, ಮರಳುತ್ತೇವೆ. ಹತ್ತು ನಿಮಿಷದಲ್ಲಿ ನೂರು ಸಲ ಅಲೆದು ನೂರು ಸಲ ಮರಳಿದವರು ಕೆಟ್ಟದಾಗಿ ಧ್ಯಾನ ಮಾಡಿದರೆಂದು ಯಾರೂ ಹೇಳಲಾರರು. ಅವರು ನೂರು ಸಲ ಅಭ್ಯಾಸ ಮಾಡಿದ್ದಾರೆ.

ಕುಳಿತುಕೊಳ್ಳುವುದು

ದಿನಕ್ಕೆ ಹತ್ತು ನಿಮಿಷ ಸಾಕು. ಕಷ್ಟದ ಕಾಲದಲ್ಲಿ ಒಂದು ಗಂಟೆ ಕೂರುತ್ತೇನೆಂದು ಪಣ ತೊಡುವುದಕ್ಕಿಂತ ಹತ್ತು ನಿಮಿಷವನ್ನು ಒಂದೇ ಹೊತ್ತಿನಲ್ಲಿ, ಒಂದೇ ಜಾಗದಲ್ಲಿ ತಪ್ಪದೆ ಮಾಡುವುದು ಹೆಚ್ಚು ಬಲ ಕೊಡುತ್ತದೆ, ಏಕೆಂದರೆ ಉಳಿದೆಲ್ಲವೂ ಅಲುಗಾಡುತ್ತಿರುವಾಗ ದಿನದಲ್ಲಿ ಅಲುಗದ ಒಂದು ಗೂಟ ಬೇಕಾಗುತ್ತದೆ. ಬೆಳಿಗ್ಗೆ ಮೊಬೈಲನ್ನು ಮುಟ್ಟುವುದಕ್ಕೆ ಮುಂಚಿನ ಹೊತ್ತು ಬಹುಮಂದಿಗೆ ಹೊಂದುತ್ತದೆ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರಬಹುದು, ಕುರ್ಚಿಯಲ್ಲಿ ಅಂಗಾಲುಗಳನ್ನು ನೆಲಕ್ಕೆ ಊರಿ ಕೂರಬಹುದು, ಕಾಯಿಲೆಯಲ್ಲಿರುವವರು ಮಲಗಿಯೂ ಮಾಡಬಹುದು. ಬೆನ್ನು ನೆಟ್ಟಗಿರಲಿ, ಭುಜಗಳು ಬಿಗಿಯಾಗದಿರಲಿ, ಹಲ್ಲು ಕಚ್ಚಿಕೊಳ್ಳದಿರಲಿ. ಕಣ್ಣು ಮುಚ್ಚಿದರೆ ದಿಗಿಲಾಗುವವರು ಅರ್ಧ ತೆರೆದು ಮುಂದಿನ ನೆಲವನ್ನು ನೋಡುತ್ತಿರಲಿ.

ಇನ್ನು ಉಸಿರು. ಮಜ್ಝಿಮ ನಿಕಾಯದ ಆನಾಪಾನಸತಿ ಸುತ್ತವು ಉಸಿರಿನ ಅಭ್ಯಾಸವನ್ನು 16 ಹೆಜ್ಜೆಗಳಲ್ಲಿ ವಿವರಿಸುತ್ತದೆ. ಅವುಗಳಲ್ಲಿ ಮೊದಲ ನಾಲ್ಕನ್ನು ಗಮನವಿಟ್ಟು ನೋಡಬೇಕು. ದೀರ್ಘವಾಗಿ ಉಸಿರಾಡುವಾಗ ದೀರ್ಘವೆಂದು ತಿಳಿಯುವುದು ಮೊದಲನೆಯದು, ಗಿಡ್ಡವಾಗಿ ಉಸಿರಾಡುವಾಗ ಗಿಡ್ಡವೆಂದು ತಿಳಿಯುವುದು ಎರಡನೆಯದು, ಇಡೀ ಕಾಯವನ್ನು ಅನುಭವಿಸುತ್ತಾ ಉಸಿರಾಡುವುದು ಮೂರನೆಯದು. ಕಾಯದ ಚಟುವಟಿಕೆಯನ್ನು ಶಾಂತಗೊಳಿಸುತ್ತಾ ಉಸಿರಾಡುವ ಮಾತು ಬರುವುದು ನಾಲ್ಕನೆಯ ಹೆಜ್ಜೆಯಲ್ಲಿ. ನಾವು ಮಾಡುವ ತಪ್ಪು ಇಲ್ಲಿದೆ: ಕುಳಿತ ಕೂಡಲೇ ನಾಲ್ಕನೆಯದಕ್ಕೆ ಹಾರುತ್ತೇವೆ. ಆತಂಕದಲ್ಲಿರುವವರ ಉಸಿರು ಗಿಡ್ಡವಾಗಿರುತ್ತದೆ, ಎದೆಯ ಮೇಲ್ಭಾಗದಲ್ಲಿ ಸಿಕ್ಕಿಕೊಂಡಿರುತ್ತದೆ. ಅದನ್ನು ಎಳೆದು ಉದ್ದ ಮಾಡಲು ಹೋಗದೆ, ಗಿಡ್ಡವಾಗಿದೆ ಎಂದಷ್ಟೇ ತಿಳಿಯುವುದು ಮೊದಲು ಆಗಬೇಕಾದ ಕೆಲಸ.

ಉಸಿರನ್ನು ಎಲ್ಲಿ ಗಮನಿಸಬೇಕೆಂಬುದರಲ್ಲಿ ಪರಂಪರೆಗಳಲ್ಲೇ ವ್ಯತ್ಯಾಸವಿದೆ. ಮೂಗಿನ ತುದಿಯಲ್ಲಿ ಗಾಳಿ ಸೋಕುವ ಜಾಗವನ್ನು ಕೆಲವರು ಹೇಳುತ್ತಾರೆ. ಮ್ಯಾನ್ಮಾರಿನ ಭಿಕ್ಷು ಮಹಾಸಿ ಸಯಾಡೋ ಅವರ ಪದ್ಧತಿಯಲ್ಲಿ ಹೊಟ್ಟೆ ಉಬ್ಬುವುದನ್ನೂ ಇಳಿಯುವುದನ್ನೂ ಗಮನಿಸುತ್ತಾರೆ. ಕಳವಳ ಹೆಚ್ಚಿರುವ ದಿನಗಳಲ್ಲಿ ಹೊಟ್ಟೆಯೇ ಉತ್ತಮವೆಂದು ನನ್ನ ಅಭಿಪ್ರಾಯ, ತಲೆಯಿಂದ ದೂರವಿರುವಷ್ಟೂ ಒಳ್ಳೆಯದು. ಉಸಿರನ್ನು ನೋಡಿದೊಡನೆಯೇ ಅದು ಕಟ್ಟಿದಂತಾಗುವವರೂ ಇದ್ದಾರೆ. ಅಂಥವರು ಉಸಿರನ್ನು ಬಿಟ್ಟು, ಅಂಗಾಲಿಗೆ ನೆಲ ತಾಗಿರುವುದನ್ನೋ, ಅಂಗೈಗಳು ಒಂದರ ಮೇಲೊಂದು ಇರುವುದನ್ನೋ, ಸುತ್ತಲಿನ ಶಬ್ದಗಳು ಬಂದು ಹೋಗುವುದನ್ನೋ ಆಧಾರವಾಗಿ ಹಿಡಿಯಬಹುದು. ಇದರಲ್ಲಿ ಕೀಳುಮೇಲೆಂಬುದಿಲ್ಲ.

ಮನಸ್ಸು ತೀರಾ ಚಂಚಲವಾಗಿದ್ದರೆ ಎಣಿಸಬೇಕು. ಐದನೆಯ ಶತಮಾನದ ಆಚಾರ್ಯ ಬುದ್ಧಘೋಷರು ವಿಸುದ್ಧಿಮಗ್ಗವೆಂಬ ತಮ್ಮ ಗ್ರಂಥದಲ್ಲಿ ಎಣಿಕೆಗೆ ಕೂಡ ಅಳತೆ ಕೊಟ್ಟಿದ್ದಾರೆ: ಐದಕ್ಕಿಂತ ಮೊದಲು ನಿಲ್ಲಿಸಬಾರದು, ಹತ್ತನ್ನು ದಾಟಬಾರದು. ಐದಕ್ಕೆ ಮುಂಚೆಯೇ ನಿಂತರೆ ಇಕ್ಕಟ್ಟಾದ ದೊಡ್ಡಿಯಲ್ಲಿ ಕೂಡಿಹಾಕಿದ ದನಗಳಂತೆ ಮನಸ್ಸು ಒದ್ದಾಡುತ್ತದೆ. ಹತ್ತನ್ನು ದಾಟಿದರೆ ಅದು ಉಸಿರನ್ನು ಬಿಟ್ಟು ಎಣಿಕೆಯನ್ನೇ ಆತುಕೊಳ್ಳುತ್ತದೆ. ಧಾನ್ಯ ಅಳೆಯುವವನಂತೆ ಮೊದಲು ನಿಧಾನವಾಗಿ ಎಣಿಸಬೇಕೆಂದೂ ಅಲ್ಲಿ ಹೇಳಿದೆ. ಒಳಗೆ ಬಂದ ಉಸಿರಿಗೆ ಒಂದು, ಹೊರಗೆ ಹೋದದ್ದಕ್ಕೆ ಒಂದು, ಮತ್ತೆ ಒಳಗೆ ಎರಡು, ಹೊರಗೆ ಎರಡು, ಹೀಗೆ ಐದರವರೆಗೆ. ಮುಂದಿನ ಸುತ್ತು ಆರರವರೆಗೆ, ಹೀಗೆ ಹತ್ತಕ್ಕೆ ಏರಿ ಮತ್ತೆ ಐದಕ್ಕೆ ಬರಬೇಕು. ಲೆಕ್ಕ ತಪ್ಪಿದರೆ ಒಂದರಿಂದ. ತಪ್ಪಿತೆಂದು ಬೇಸರಿಸಿಕೊಳ್ಳುವ ಅಗತ್ಯವಿಲ್ಲ, ತಪ್ಪಿದ್ದು ತಿಳಿಯಲೆಂದೇ ಎಣಿಸುತ್ತಿರುವುದು.

ಪುಂಡ ಕರುವನ್ನು ಹಗ್ಗದಿಂದ ಗೂಟಕ್ಕೆ ಕಟ್ಟಿದ ಗೋಪಾಲಕನ ಉಪಮೆಯೂ ಅದೇ ಗ್ರಂಥದಲ್ಲಿದೆ. ಕರು ಅತ್ತಿತ್ತ ಎಳೆದಾಡುತ್ತದೆ, ಹಗ್ಗವನ್ನು ಕಿತ್ತುಕೊಂಡು ಓಡಲಾರದೆ ಕೊನೆಗೆ ಗೂಟದ ಬಳಿಯೇ ಮಲಗುತ್ತದೆ. ಉಸಿರು ಗೂಟ, ಸತಿ ಹಗ್ಗ. ಕರುವಿಗೆ ಹೊಡೆಯುವ ಮಾತು ಆ ಉಪಮೆಯಲ್ಲಿಲ್ಲ ಎಂಬುದನ್ನು ತಮ್ಮ ಮನಸ್ಸನ್ನು ತಾವೇ ಗದರಿಕೊಳ್ಳುವವರು ಗಮನಿಸಬೇಕು.

ಆತಂಕವೇ ಬಂದು ಕುಳಿತಾಗ

ಹತ್ತು ನಿಮಿಷದ ನಡುವೆ ಭಯ ಬಂದೇ ಬರುತ್ತದೆ. ಆಗ ಉಸಿರಿಗೆ ಮರಳುವುದೊಂದೇ ದಾರಿಯಲ್ಲ. ಭಯವನ್ನೇ ಧ್ಯಾನದ ವಿಷಯವಾಗಿ ಮಾಡಿಕೊಳ್ಳಬಹುದು. ಸತಿಪಟ್ಠಾನ ಸುತ್ತವು ಕಾಯ, ವೇದನೆ (ನೋವಷ್ಟೇ ಅಲ್ಲ, ಹಿತ ಅಹಿತಗಳ ಎಲ್ಲ ಅನುಭವ), ಚಿತ್ತ, ಧರ್ಮ (ಮನಸ್ಸಿಗೆ ಗೋಚರವಾಗುವ ಸಂಗತಿಗಳು) ಎಂಬ ನಾಲ್ಕು ನೆಲೆಗಳನ್ನು ಹೇಳುತ್ತದೆ. ಚಿತ್ತದ ಭಾಗದಲ್ಲಿ ಬರುವ ಸೂಚನೆ ಬಹಳ ಸರಳವಾದದ್ದು: ರಾಗವಿರುವ ಚಿತ್ತವನ್ನು ರಾಗವಿರುವ ಚಿತ್ತವೆಂದು ತಿಳಿಯುವುದು, ದ್ವೇಷವಿರುವ ಚಿತ್ತವನ್ನು ದ್ವೇಷವಿರುವ ಚಿತ್ತವೆಂದು ತಿಳಿಯುವುದು, ಚದುರಿದ ಚಿತ್ತವನ್ನು ಚದುರಿದ್ದೆಂದು ತಿಳಿಯುವುದು. ಆ ಸಾಲುಗಳಲ್ಲಿ ‘ತೆಗೆದುಹಾಕುವುದು’ ಎಂಬ ಕ್ರಿಯಾಪದ ಬರುವುದಿಲ್ಲ, ‘ತಿಳಿಯುವುದು’ ಮಾತ್ರ ಬರುತ್ತದೆ.

ಮಾಡುವ ಕ್ರಮ ಹೀಗೆ. ಮೊದಲು ಹೆಸರಿಡಿ: ಮನಸ್ಸಿನಲ್ಲೇ ಮೆಲ್ಲಗೆ ‘ಭಯ ಇದೆ’ ಎನ್ನಿ. ‘ನನಗೆ ಭಯವಾಗುತ್ತಿದೆ’ ಎನ್ನುವುದಕ್ಕೂ ‘ಭಯ ಇದೆ’ ಎನ್ನುವುದಕ್ಕೂ ಇರುವ ಅಂತರ ಬರಿಯ ವ್ಯಾಕರಣದ್ದಾಗಿ ಕಂಡರೂ, ಎರಡನೆಯ ವಾಕ್ಯದಲ್ಲಿ ಭಯಕ್ಕೂ ನೋಡುವವನಿಗೂ ನಡುವೆ ಒಂದು ಗೇಣಿನಷ್ಟು ಜಾಗ ಉಂಟಾಗುತ್ತದೆ. ಅನಂತರ ಅದು ದೇಹದಲ್ಲಿ ಎಲ್ಲಿದೆಯೆಂದು ಹುಡುಕಿ. ಗಂಟಲು ಕಟ್ಟಿದೆಯೇ, ಎದೆಯ ಮೇಲೆ ಕಲ್ಲಿಟ್ಟಂತಿದೆಯೇ, ಹೊಟ್ಟೆಯೊಳಗೆ ಏನೋ ಮುದುಡಿಕೊಂಡಿದೆಯೇ, ಅಂಗೈ ತಣ್ಣಗಾಗಿದೆಯೇ ಎಂದು ಒಂದೊಂದಾಗಿ ನೋಡಿ. ಸಿಕ್ಕಿದ ಜಾಗದಲ್ಲಿ ಗಮನವನ್ನು ಇರಿಸಿ, ಅದು ಎಲ್ಲಿಂದ ಎಲ್ಲಿಯವರೆಗೆ ಹರಡಿದೆ, ಬಿಸಿಯೋ ತಣುಪೋ, ಬಿಗಿಯೋ ನಡುಕವೋ, ಒಂದೇ ಸಮನಾಗಿದೆಯೋ ಏರಿಳಿಯುತ್ತಿದೆಯೋ ಎಂಬುದನ್ನು ತಿಳಿದುಕೊಳ್ಳಿ. ಕೊನೆಗೆ ಒಂದೇ ಒಂದು ಪ್ರಶ್ನೆ: ಇದು ಹಿತವೋ, ಅಹಿತವೋ, ಎರಡೂ ಅಲ್ಲವೋ? ಬುದ್ಧನು ವೇದನೆಗಳನ್ನು ವಿಂಗಡಿಸಿದ್ದು ಈ ಮೂರು ಬಗೆಯಾಗಿ. ‘ಅಹಿತ’ ಎಂಬ ಒಂದು ಪದಕ್ಕೆ ಬಂದು ನಿಂತಾಗ, ಅದರ ಸುತ್ತ ಹಬ್ಬಿಕೊಂಡಿದ್ದ ಕಥೆ ಸ್ವಲ್ಪ ಸಡಿಲವಾಗುತ್ತದೆ.

ಆ ಒಂಬತ್ತು ದಿನಗಳಲ್ಲಿ ನಾಲ್ಕನೆಯ ದಿನವಿರಬೇಕು, ಬೆಳಗಿನ ಜಾವ ಹೀಗೆ ಕುಳಿತಿದ್ದಾಗ ಹೊಟ್ಟೆಯಲ್ಲಿದ್ದ ಬಿಗಿತವನ್ನು ನೋಡುತ್ತಾ ಹೋದೆ. ಅದು ಕರಗಿ ಹೋಯಿತೆಂದು ಬರೆದರೆ ಸುಳ್ಳಾದೀತು. ಬಿಗಿತ ಇದ್ದೇ ಇತ್ತು, ಆದರೆ ಅದು ಒಂದು ಮುಷ್ಟಿಯಷ್ಟೇ ಇತ್ತು. ಅದರ ಸುತ್ತ ಬಿಗಿಯಿಲ್ಲದ ಬೆನ್ನು, ತೊಡೆಗಳು, ಕೈಗಳು ಇದ್ದವು. ರಾತ್ರಿಯೆಲ್ಲ ನನ್ನನ್ನು ಇಡಿಯಾಗಿ ನುಂಗಿತ್ತೆಂದುಕೊಂಡದ್ದು ನನ್ನೊಳಗಿನ ಒಂದು ಮುಷ್ಟಿಯಷ್ಟು ಜಾಗದಲ್ಲಿ ಮಾತ್ರ ಇತ್ತು ಎಂಬ ಆ ತಿಳಿವಳಿಕೆ, ಯಾವ ಸಮಾಧಾನದ ಮಾತಿಗಿಂತಲೂ ಹೆಚ್ಚಾಗಿ ನನ್ನನ್ನು ಕಾಪಾಡಿತು. ಆ ದಿನ ನಾನು ತಾಯಿಯ ಜೊತೆ ಕಿಟಕಿಯ ಬಳಿ ಕುಳಿತೆ.

ಒಂದು ಎಚ್ಚರಿಕೆ: ನೋಡುತ್ತಿದ್ದಂತೆ ಭಯ ಏರುತ್ತಲೇ ಹೋದರೆ, ಉಸಿರು ಸಿಗದಂತಾದರೆ, ಹಳೆಯ ಆಘಾತದ ಚಿತ್ರಗಳು ನುಗ್ಗಿ ಬಂದರೆ, ಗಟ್ಟಿಯಾಗಿ ಕೂರಬೇಕೆಂಬ ಹಟ ಬೇಡ. ಕಣ್ಣು ತೆರೆಯಿರಿ, ಕೋಣೆಯಲ್ಲಿ ಕಾಣುವ ಐದು ವಸ್ತುಗಳ ಹೆಸರು ಹೇಳಿಕೊಳ್ಳಿ, ಎದ್ದು ನಡೆಯಿರಿ, ಯಾರೊಡನೆಯಾದರೂ ಮಾತನಾಡಿ. ಬಿಟ್ಟು ಏಳುವುದೂ ಅರಿವಿನಿಂದಲೇ ಆದರೆ ಅದೂ ಅಭ್ಯಾಸವೇ.

ಯೋಜನೆ ಮತ್ತು ಚಿಂತೆ

ಯೋಜನೆ ಬೇರೆ, ಚಿಂತೆ ಬೇರೆ. ಮೊದಲನೆಯದು ಒಂದು ತೀರ್ಮಾನಕ್ಕೆ ಬಂದು ನಿಲ್ಲುತ್ತದೆ, ಎರಡನೆಯದು ಗಾಣದ ಎತ್ತಿನಂತೆ ಸುತ್ತುತ್ತದೆ. ಕಷ್ಟದ ದಿನಗಳಲ್ಲಿ ಯೋಜನೆ ಮಾಡಲೇಬೇಕು. ಹಣದ ಲೆಕ್ಕ, ಯಾರನ್ನು ಕೇಳಬೇಕು, ಎಲ್ಲಿಗೆ ಹೋಗಬೇಕು ಎಂಬುದನ್ನೆಲ್ಲ ಧ್ಯಾನದ ಹೆಸರಿನಲ್ಲಿ ತಳ್ಳಿಹಾಕುವುದು ತಪ್ಪು. ದಿನಕ್ಕೆ ಅರ್ಧ ಗಂಟೆಯನ್ನು ಇದಕ್ಕೆಂದೇ ಇಟ್ಟು, ಕಾಗದದ ಮೇಲೆ ಬರೆದು, ಈ ದಿನ ಕೈಯಲ್ಲಾಗುವ ಒಂದು ಕೆಲಸವನ್ನು ಮಾಡಿ ಮುಗಿಸಿ. ಉಳಿದ ಹೊತ್ತಿನಲ್ಲಿ ಅದೇ ವಿಷಯ ಬಂದಾಗ ‘ಇದಕ್ಕೆ ಸಂಜೆ ಸಮಯವಿದೆ’ ಎಂದು ಹೇಳಿ ಮರಳಲು ಸುಲಭವಾಗುತ್ತದೆ.

ಸುತ್ತುವ ಚಿಂತೆಗೆ ಬೇರೆ ಉಪಾಯ ಬೇಕು. ಮಜ್ಝಿಮ ನಿಕಾಯದ ವಿತಕ್ಕಸಂಠಾನ ಸುತ್ತದಲ್ಲಿ ಬುದ್ಧನು ಐದು ಉಪಾಯಗಳನ್ನು ಕ್ರಮವಾಗಿ ಕೊಡುತ್ತಾನೆ. ಬಡಗಿಯು ಸಣ್ಣ ಬೆಣೆಯಿಂದ ದಪ್ಪ ಬೆಣೆಯನ್ನು ಹೊಡೆದು ತೆಗೆಯುವಂತೆ ಆ ವಿಷಯದ ಬದಲು ಬೇರೊಂದು ಒಳ್ಳೆಯ ವಿಷಯಕ್ಕೆ ಮನಸ್ಸನ್ನು ಹಚ್ಚುವುದು. ಅದರ ಕೇಡನ್ನು ನೋಡುವುದು. ಕಣ್ಣು ಮುಚ್ಚಿಕೊಂಡಂತೆ ಅದರ ಕಡೆ ಗಮನ ಕೊಡದಿರುವುದು. ಅದರ ವೇಗವನ್ನು ಹಂತಹಂತವಾಗಿ ಇಳಿಸುವುದು. ಯಾವುದೂ ನಡೆಯದಿದ್ದರೆ ಹಲ್ಲು ಕಚ್ಚಿ ಅದುಮುವುದು. ನಾಲ್ಕನೆಯದಕ್ಕೆ ಕೊಟ್ಟಿರುವ ಉಪಮೆ ನನಗೆ ತುಂಬ ಪ್ರಿಯವಾದದ್ದು. ವೇಗವಾಗಿ ನಡೆಯುತ್ತಿದ್ದವನೊಬ್ಬನು, ನಾನೇಕೆ ಇಷ್ಟು ವೇಗವಾಗಿ ನಡೆಯುತ್ತಿದ್ದೇನೆ, ನಿಧಾನವಾಗಿ ನಡೆಯಬಾರದೇ ಎಂದುಕೊಳ್ಳುತ್ತಾನೆ. ನಿಧಾನವಾಗಿ ನಡೆಯುತ್ತಾ, ನಿಲ್ಲಬಾರದೇ ಎಂದುಕೊಳ್ಳುತ್ತಾನೆ. ನಿಂತು, ಕೂರಬಾರದೇ ಎಂದು. ಕುಳಿತು, ಮಲಗಬಾರದೇ ಎಂದು. ಚಿಂತೆಯನ್ನು ಒಮ್ಮೆಗೇ ನಿಲ್ಲಿಸಲಾಗದವರು ಅದನ್ನು ಒಂದು ಹೆಜ್ಜೆ ನಿಧಾನ ಮಾಡಬಹುದು. ಐದನೆಯ ಉಪಾಯವನ್ನು ಕೊನೆಗೆ ಇಟ್ಟಿರುವುದಕ್ಕೆ ಕಾರಣವಿದೆ. ಅದನ್ನೇ ಮೊದಲು ಹಿಡಿದವರು ಬೇಗ ದಣಿಯುತ್ತಾರೆ.

‘ನನಗೇ ಏಕೆ ಹೀಗಾಯಿತು’ ಎಂಬ ಪ್ರಶ್ನೆ ಬೇರೆಯದೇ ಜಾತಿಯದು. ಮಾಲುಂಕ್ಯಪುತ್ತನೆಂಬ ಭಿಕ್ಷುವು ಲೋಕ ಶಾಶ್ವತವೋ ಅಶಾಶ್ವತವೋ ಎಂಬಂತಹ ಪ್ರಶ್ನೆಗಳಿಗೆ ಉತ್ತರ ಸಿಗದ ಹೊರತು ಸಂಘದಲ್ಲಿರಲಾರೆನೆಂದಾಗ ಬುದ್ಧನು ಹೇಳಿದ್ದು ಮತ್ತೆ ಬಾಣದ ಉಪಮೆಯನ್ನೇ: ವಿಷದ ಬಾಣ ತಗುಲಿದವನು, ಹೊಡೆದವನ ಕುಲವೇನು, ಊರು ಯಾವುದು, ಬಿಲ್ಲು ಯಾವ ಬಗೆಯದು ಎಂಬುದೆಲ್ಲ ತಿಳಿಯುವವರೆಗೆ ಬಾಣ ಕೀಳಿಸಿಕೊಳ್ಳುವುದಿಲ್ಲ ಎಂದರೆ ತಿಳಿಯುವುದಕ್ಕೆ ಮೊದಲೇ ಸಾಯುತ್ತಾನೆ. ‘ಏಕೆ’ ಎಂಬ ಪ್ರಶ್ನೆ ಎದ್ದಾಗ ಅದನ್ನು ಬೈಯದೆ, ‘ಈಗ ಮಾಡಬೇಕಾದ್ದೇನು’ ಎಂಬುದರ ಕಡೆಗೆ ಕೈಹಿಡಿದು ಕರೆತರುವುದು ಈ ಉಪಮೆಯ ಬಳಕೆ.

ಎದ್ದ ಮೇಲೆ

ಕುಳಿತ ಹತ್ತು ನಿಮಿಷಕ್ಕಿಂತ ಉಳಿದ ಹೊತ್ತು ದೊಡ್ಡದು. ಸತಿಪಟ್ಠಾನ ಸುತ್ತವು ಹೋಗುವಾಗ, ಬರುವಾಗ, ಕೈಕಾಲು ಮಡಿಸುವಾಗ, ಉಣ್ಣುವಾಗ, ಮಾತನಾಡುವಾಗ, ಸುಮ್ಮನಿರುವಾಗ, ಮಲಮೂತ್ರ ವಿಸರ್ಜಿಸುವಾಗ ಕೂಡ ತಿಳಿದು ಮಾಡಬೇಕೆನ್ನುತ್ತದೆ. ಎಲ್ಲವನ್ನೂ ಒಟ್ಟಿಗೆ ಹಿಡಿಯಲು ಹೋಗಬೇಡಿ. ದಿನವೂ ಮಾಡುವ ಒಂದು ಕೆಲಸವನ್ನು ಆರಿಸಿಕೊಳ್ಳಿ, ಪಾತ್ರೆ ತೊಳೆಯುವುದೋ ಮೆಟ್ಟಿಲು ಹತ್ತುವುದೋ; ಅದನ್ನು ಮಾಡುವಾಗ ಅದನ್ನಷ್ಟೇ ಮಾಡಿ. ಮೊಬೈಲು ಸದ್ದು ಮಾಡಿದಾಗ ತೆರೆಯುವುದಕ್ಕೆ ಮುಂಚೆ ಮೂರು ಉಸಿರು ಕಾಯಿರಿ. ಕಾಯುವ ದಿನಗಳಲ್ಲಿ ಪ್ರತಿ ಸದ್ದಿಗೂ ಎದೆ ಹಾರುತ್ತದೆಯಾದ್ದರಿಂದ, ಈ ಮೂರು ಉಸಿರು ದಿನಕ್ಕೆ ಹತ್ತಾರು ಸಲ ಒದಗಿಬರುವ ಅಭ್ಯಾಸವಾಗುತ್ತದೆ.

ಕೂರಲು ಸಾಧ್ಯವೇ ಇಲ್ಲದಷ್ಟು ತಳಮಳವಿದ್ದರೆ ನಡೆಯಿರಿ. ಹದಿನೈದು ಇಪ್ಪತ್ತು ಹೆಜ್ಜೆಯ ಜಾಗದಲ್ಲಿ ಹಿಂದೆ ಮುಂದೆ, ಕಾಲು ಎತ್ತುವುದು, ಮುಂದೆ ಚಾಚುವುದು, ಊರುವುದು, ಇವನ್ನು ತಿಳಿಯುತ್ತಾ ನಡೆಯುವುದು ಧ್ಯಾನವೇ. ತೂಕಡಿಕೆ ಬರುವವರಿಗೆ ಬುದ್ಧನು ತನ್ನ ಶಿಷ್ಯ ಮೊಗ್ಗಲ್ಲಾನನಿಗೆ ಕೊಟ್ಟ ಸಲಹೆಗಳಿವೆ: ಕಿವಿಗಳನ್ನು ಎಳೆದುಕೊಳ್ಳುವುದು, ಮೈಕೈ ತಿಕ್ಕುವುದು, ಎದ್ದು ಕಣ್ಣಿಗೆ ನೀರು ಹಾಕಿ ದಿಕ್ಕುಗಳನ್ನೂ ನಕ್ಷತ್ರಗಳನ್ನೂ ನೋಡುವುದು, ಅಡ್ಡಾಡುವುದು, ಯಾವುದಕ್ಕೂ ಬಗ್ಗದಿದ್ದರೆ, ಏಳುವ ಎಚ್ಚರವನ್ನಿಟ್ಟುಕೊಂಡು ಬಲಮಗ್ಗುಲಾಗಿ ಮಲಗುವುದು. ಆತಂಕದಿಂದ ನಿದ್ರೆಗೆಟ್ಟವರಿಗೆ ಕೊನೆಯದೇ ಮೊದಲನೆಯದಾಗಬೇಕು, ಅವರಿಗೆ ಬೇಕಾಗಿರುವುದು ನಿದ್ರೆ.

ಐದು ನೆನಪುಗಳು

ಅಂಗುತ್ತರ ನಿಕಾಯದಲ್ಲಿ ಗಂಡಾಗಲಿ ಹೆಣ್ಣಾಗಲಿ, ಗೃಹಸ್ಥರಾಗಲಿ ಭಿಕ್ಷುಗಳಾಗಲಿ ಮತ್ತೆ ಮತ್ತೆ ನೆನೆಯಬೇಕಾದ ಐದು ಸಂಗತಿಗಳನ್ನು ಹೇಳಿದೆ. ಮುಪ್ಪನ್ನು ನಾನು ಮೀರಿಲ್ಲ. ರೋಗವನ್ನು ಮೀರಿಲ್ಲ. ಸಾವನ್ನು ಮೀರಿಲ್ಲ. ನನಗೆ ಪ್ರಿಯವಾದ ಎಲ್ಲದರಿಂದಲೂ ಅಗಲಿಕೆ ಇದೆ. ನನ್ನ ಕರ್ಮವೇ ನನ್ನ ಸ್ವತ್ತು, ಒಳ್ಳೆಯದು ಕೆಟ್ಟದ್ದು ಯಾವುದನ್ನು ಮಾಡಿದರೂ ಅದರ ಫಲಕ್ಕೆ ನಾನು ವಾರಸುದಾರ.

ಮೊದಲ ಓದಿಗೆ ಇದು ಗಾಯಕ್ಕೆ ಉಪ್ಪು ಸವರಿದಂತೆ ಕಾಣಬಹುದು. ಶೋಕ ಹಸಿಯಾಗಿರುವಾಗ, ಆಪ್ತರನ್ನು ಈಗಷ್ಟೇ ಕಳೆದುಕೊಂಡಿರುವಾಗ ಇದನ್ನು ಮಾಡಬಾರದು, ಬೇರೆಯವರಿಗೆ ಉಪದೇಶಿಸುವುದಂತೂ ಕ್ರೂರವೇ ಸರಿ. ಆದರೆ ಅನಿಶ್ಚಿತತೆಯ ಕಾಲದಲ್ಲಿ ಇದರಿಂದ ಬಿಡುಗಡೆಯ ಅನುಭವವಾಗುವುದುಂಟು. ಎಲ್ಲವೂ ನಿಶ್ಚಿತವಾಗಿತ್ತು, ಈಗ ಮಾತ್ರ ಅನಿಶ್ಚಿತವಾಯಿತು ಎಂಬ ಎಣಿಕೆಯಿಂದಲೇ ನಮ್ಮ ದಿಗಿಲಿನ ಬಹುಭಾಗ ಹುಟ್ಟುತ್ತದೆ. ಈ ಐದನ್ನು ದಿನಕ್ಕೊಮ್ಮೆ ನೆನೆದವರಿಗೆ ನೆಲ ಎಂದೂ ಗಟ್ಟಿಯಾಗಿರಲಿಲ್ಲ, ನಾವು ಅದರ ಮೇಲೆಯೇ ಇಷ್ಟು ವರ್ಷ ನಡೆದು ಬಂದಿದ್ದೇವೆ ಎಂಬುದು ನೆನಪಾಗುತ್ತದೆ. ಮೊದಲ ನಾಲ್ಕು ನಮ್ಮ ಕೈಯಲ್ಲಿಲ್ಲದವು, ಐದನೆಯದು ನಮ್ಮ ಕೈಯಲ್ಲಿರುವುದು. ಆದ್ದರಿಂದ ನಾಲ್ಕಕ್ಕೇ ನಿಲ್ಲಿಸದೆ ಐದನ್ನೂ ನೆನೆಯಬೇಕು.

ಮೆತ್ತಾ, ಕರುಣಾ

ಕಷ್ಟವು ಮನುಷ್ಯನನ್ನು ಒಂಟಿಯಾಗಿಸುತ್ತದೆ. ಲೋಕವೆಲ್ಲ ನಗುತ್ತಿದೆ, ತಾನೊಬ್ಬನೇ ಬೇಯುತ್ತಿದ್ದೇನೆ ಎನಿಸುತ್ತದೆ. ಸತ್ತ ಮಗುವನ್ನು ಎತ್ತಿಕೊಂಡು ಬಂದ ಕಿಸಾ ಗೋತಮಿಗೆ ಸಾವಿಲ್ಲದ ಮನೆಯ ಸಾಸಿವೆ ತರಲು ಬುದ್ಧನು ಹೇಳಿದ ಕಥೆ ನಮ್ಮಲ್ಲಿ ಬಹುಮಂದಿಗೆ ಗೊತ್ತು. ಸಾವು ಎಲ್ಲರಿಗೂ ಇದೆ ಎಂಬ ತತ್ತ್ವವನ್ನು ಅವನು ಕುಳಿತಲ್ಲೇ ಹೇಳಿಬಿಡಬಹುದಿತ್ತು. ಅವಳನ್ನು ಮನೆಯಿಂದ ಮನೆಗೆ ಕಳುಹಿಸಿದ್ದರಿಂದ, ಪ್ರತಿ ಬಾಗಿಲಲ್ಲೂ ತನ್ನಂತೆ ಕಳೆದುಕೊಂಡವರೊಬ್ಬರ ಮುಖವನ್ನು ಅವಳು ನೋಡಿದಳು.

ಮೆತ್ತಾ, ಅಂದರೆ ಎಲ್ಲರ ಹಿತ ಬಯಸುವ ಮೈತ್ರಿಯ ಅಭ್ಯಾಸವೂ ಹಾಗೆ ಬಾಗಿಲಿಂದ ಬಾಗಿಲಿಗೆ ಹೋಗುವುದೇ. ತನ್ನಿಂದ ಆರಂಭಿಸಿ, ಪ್ರಿಯರಾದವರಿಗೆ, ಪರಿಚಯ ಮಾತ್ರ ಇರುವವರಿಗೆ, ಕೊನೆಗೆ ವೈರವಿರುವವರಿಗೆ ಅದನ್ನು ಹರಡಬೇಕೆಂದು ವಿಸುದ್ಧಿಮಗ್ಗ ಹೇಳುತ್ತದೆ. ತಮ್ಮ ಮೇಲೆಯೇ ಕೋಪವಿರುವವರಿಗೆ ತಮ್ಮಿಂದ ಆರಂಭಿಸುವುದು ಕಷ್ಟ. ಅಂಥವರು ನೆನೆದರೆ ಮುಖ ಅರಳುವ ಯಾರಿಂದಲಾದರೂ ಆರಂಭಿಸಿ ಆಮೇಲೆ ತಮ್ಮ ಬಳಿಗೆ ಬರಲಿ. ಮಾತುಗಳು ಸರಳವಾಗಿರಲಿ: ‘ಕ್ಷೇಮವಾಗಿರಲಿ, ಭಯವಿಲ್ಲದಿರಲಿ, ಈ ಭಾರವನ್ನು ಹೊರುವ ಬಲ ಬರಲಿ.’ ಕಾಯುವವರಿಗೆ ನಾನು ಸೂಚಿಸುವುದು ಇನ್ನೊಂದು ಸಾಲು: ‘ನನ್ನಂತೆಯೇ ಈ ರಾತ್ರಿ ಉತ್ತರಕ್ಕಾಗಿ ಕಾಯುತ್ತಿರುವ ಎಲ್ಲರಿಗೂ ಸಮಾಧಾನ ಸಿಗಲಿ.’ ಭಾವನೆ ಉಕ್ಕಿ ಬರಲೇಬೇಕೆಂದಿಲ್ಲ. ಮಾತು ಒಣಗಿದಂತೆ ಕೇಳಿದರೂ ಹೇಳುತ್ತಿರಬೇಕು.

ಇದು ಮಾಡಲಾರದ್ದು

ಉಪೇಕ್ಷೆಯೆಂಬ ಸಮಚಿತ್ತಕ್ಕೂ ಅಸಡ್ಡೆಗೂ ಹೊರನೋಟಕ್ಕೆ ವ್ಯತ್ಯಾಸ ಕಾಣುವುದಿಲ್ಲ. ಅಜ್ಞಾನದಿಂದ ಬಂದ ಅಸಡ್ಡೆಯೇ ಉಪೇಕ್ಷೆಯ ಹತ್ತಿರದ ಶತ್ರುವೆಂದು ಬುದ್ಧಘೋಷರು ಗುರುತಿಸಿದ್ದು ಅದಕ್ಕಾಗಿಯೇ. ಮನೆಯಲ್ಲಿ ಹೊಡೆತ ತಿನ್ನುತ್ತಿರುವವರಿಗೆ, ಕೆಲಸದಲ್ಲಿ ಅನ್ಯಾಯಕ್ಕೆ ಒಳಗಾದವರಿಗೆ, ಉಸಿರನ್ನು ನೋಡಿಕೊಂಡು ಸಹಿಸಿ ಎಂದು ಹೇಳುವುದು ಧರ್ಮವಲ್ಲ. ಅರಿವು ಬೆಳೆದರೆ ಮಾಡಬೇಕಾದ ಕೆಲಸ ಇನ್ನಷ್ಟು ಸ್ಪಷ್ಟವಾಗಿ ಕಾಣಬೇಕು.

ಧ್ಯಾನವು ಔಷಧಿಯ ಬದಲಿಯೂ ಅಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ 1979ರಲ್ಲಿ ಜಾನ್ ಕಬಟ್-ಜಿನ್ ಅವರು ಆರಂಭಿಸಿದ ಎಂಟು ವಾರಗಳ ಅಭ್ಯಾಸಕ್ರಮವು ದೀರ್ಘಕಾಲದ ನೋವು, ಒತ್ತಡಗಳಿಂದ ಬಳಲುವವರಿಗಾಗಿ ಚಿಕಿತ್ಸೆಯ ಜೊತೆಯಲ್ಲೇ ರೂಪುಗೊಂಡದ್ದು. ಅದರಿಂದ ಮುಂದೆ ಬೆಳೆದ, ಖಿನ್ನತೆ ಮರುಕಳಿಸದಂತೆ ತಡೆಯುವ ಕ್ರಮವೂ ಮನೋಚಿಕಿತ್ಸೆಯ ಭಾಗವಾಗಿಯೇ ಬಂದದ್ದು. ವಾರಗಟ್ಟಲೆ ನಿದ್ರೆಯಿಲ್ಲದಿದ್ದರೆ, ಊಟ ಸೇರದಿದ್ದರೆ, ಬದುಕುವುದೇ ಬೇಡವೆನಿಸಿದರೆ, ಮೊದಲು ವೈದ್ಯರನ್ನು ಕಾಣಬೇಕು. ಹತ್ತಿರದವರೊಬ್ಬರಿಗೆ ಆ ದಿನವೇ ಹೇಳಬೇಕು. ತೆಗೆದುಕೊಳ್ಳುತ್ತಿರುವ ಮಾತ್ರೆಗಳನ್ನು ಧ್ಯಾನ ಚೆನ್ನಾಗಿ ಆಗುತ್ತಿದೆಯೆಂದು ತಾವಾಗಿಯೇ ನಿಲ್ಲಿಸಬಾರದು. ಹತ್ತು ದಿನ ಮೌನವಾಗಿ ಕೂರುವ ಶಿಬಿರಗಳು ಒಳ್ಳೆಯವೇ, ಆದರೆ ಮನಸ್ಸು ಕುಸಿಯುತ್ತಿರುವ ಹೊತ್ತಿನಲ್ಲಿ ಮೊದಲ ಅನುಭವಕ್ಕೆಂದು ಅಲ್ಲಿಗೆ ಹೋಗುವುದನ್ನು ನಾನು ಒಪ್ಪುವುದಿಲ್ಲ.

ಪ್ರಯತ್ನದ ಹದವನ್ನು ಕುರಿತು ಒಂದು ಮಾತು. ಅಂಗಾಲು ಬಿರಿಯುವಷ್ಟು ನಡೆದು ಸಾಧನೆ ಮಾಡಿದ ಸೋಣನೆಂಬ ಭಿಕ್ಷುವಿಗೆ ಬುದ್ಧನು ವೀಣೆಯ ತಂತಿಯನ್ನು ನೆನಪಿಸಿದನು; ತೀರ ಬಿಗಿದರೂ ನುಡಿಯದು, ತೀರ ಸಡಿಲಿಸಿದರೂ ನುಡಿಯದು. ಕಷ್ಟದಲ್ಲಿರುವವರ ತಂತಿ ಮೊದಲೇ ಬಿಗಿದಿರುತ್ತದೆ, ಆದ್ದರಿಂದ ಅವರಿಗೆ ಸಡಿಲಿಸುವ ಕಡೆಯ ಸಲಹೆಯೇ ಹೆಚ್ಚು ಹೊಂದುತ್ತದೆ. ಒಂದು ದಿನ ತಪ್ಪಿದರೆ ಮರುದಿನ ಎಂದಿನಂತೆ ಹತ್ತು ನಿಮಿಷ ಕುಳಿತರಾಯಿತು, ಇಪ್ಪತ್ತು ನಿಮಿಷ ಕುಳಿತು ಸಾಲ ತೀರಿಸಬೇಕಾಗಿಲ್ಲ.

ಉತ್ತರ ಬಂದ ದಿನ

ಕಾಯುವಿಕೆ ಒಂದು ದಿನ ಮುಗಿಯುತ್ತದೆ. ಆ ದಿನಕ್ಕೂ ಅಭ್ಯಾಸವಿದೆ. ಲಾಭ ಮತ್ತು ನಷ್ಟ, ಕೀರ್ತಿ ಮತ್ತು ಅಪಕೀರ್ತಿ, ನಿಂದೆ ಮತ್ತು ಸ್ತುತಿ, ಸುಖ ಮತ್ತು ದುಃಖ ಎಂಬ ಎಂಟನ್ನು ಲೋಕಧರ್ಮಗಳೆಂದು ಕರೆದಿದ್ದಾರೆ; ಇವು ಲೋಕದ ಜೊತೆಗೇ ಸುತ್ತುತ್ತಿರುತ್ತವೆ. ಸುದ್ದಿ ಕೆಟ್ಟದ್ದಾಗಿದ್ದರೆ, ಮೊದಲ ಬಾಣವನ್ನು ಮೊದಲ ಬಾಣವಾಗಿಯೇ ತಗುಲಲು ಬಿಡಿ: ಅಳು ಬಂದರೆ ಅಳಿ, ಅಳುತ್ತಿರುವುದು ತಿಳಿದಿರಲಿ. ಮುದಿಯಾಗಿ ಕಾಯಿಲೆಬಿದ್ದಿದ್ದ ನಕುಲಪಿತನೆಂಬ ಗೃಹಸ್ಥನಿಗೆ ಬುದ್ಧನು, ದೇಹ ಕಾಯಿಲೆಯದಾದರೂ ಮನಸ್ಸು ಕಾಯಿಲೆಯದಾಗದಂತೆ ಅಭ್ಯಾಸ ಮಾಡು ಎಂದದ್ದು ಮುಂದಿನ ದಿನಗಳ ಕೆಲಸ. ಅದನ್ನು ಆ ಗಳಿಗೆಯಲ್ಲೇ ಸಾಧಿಸಬೇಕಾಗಿಲ್ಲ. ಸುದ್ದಿ ಒಳ್ಳೆಯದಾಗಿದ್ದರೆ, ಮೈಯೆಲ್ಲ ಹಗುರಾಗುವ ಆ ಹಿತವನ್ನೂ ಹಿತವೆಂದು ತಿಳಿಯಿರಿ, ಎಲ್ಲಿ ಹಗುರಾಯಿತೆಂದು ನೋಡಿ. ಕಷ್ಟ ತೀರಿತೆಂದು ಹೆಚ್ಚಿನವರು ಅಭ್ಯಾಸವನ್ನು ಬಿಡುವುದು ಆ ದಿನವೇ.

ನನ್ನ ಒಂಬತ್ತನೆಯ ದಿನ ಫೋನು ಬಂದಾಗ ಮೂರು ಉಸಿರು ಎಣಿಸಿದೆ, ಎರಡನೆಯದರಲ್ಲಿ ಲೆಕ್ಕ ತಪ್ಪಿತು, ಮತ್ತೆ ಒಂದರಿಂದ ಎಣಿಸಿ ಆಮೇಲೆ ಎತ್ತಿಕೊಂಡೆ. ಮರುದಿನ ಬೆಳಿಗ್ಗೆ ಅದೇ ಹೊತ್ತಿಗೆ, ಅದೇ ಜಾಗದಲ್ಲಿ ಹತ್ತು ನಿಮಿಷ ಕುಳಿತೆ.